ಮಲೆನಾಡಿನ ಮನೆಯಲ್ಲಿ ಕಮ್ಮಿ ಖರ್ಚು, ಜಾಸ್ತಿ ಓರಣ

ಆರು ವರ್ಷದ ಹಿಂದೆ ಕಂತಿನ ಮೇಲೆ ಒಂದು ಬಟ್ಟೆ ಬೀರು ತಂದೆವು. ನೋಡಲು ತುಂಬಾ ಚೆಂದ. ಬಿಳಿ ಬಣ್ಣ, ಬಾಗಿಲಲ್ಲಿ ಆಳೆತ್ತರದ ಕನ್ನಡಿ. ಜುಲೈ ಮುಗಿಯುವ ಹೊತ್ತಿಗೆ ಅದರ ಬಾಗಿಲು ಉಬ್ಬಿ ಮುಚ್ಚದಂತಾಯಿತು. ಹಿಂಬದಿಯ ಹಲಗೆ ಉದುರತೊಡಗಿತು. ಒಳಗಿದ್ದದ್ದು ಮರದ ಪುಡಿ ಒತ್ತಿ ಮಾಡಿದ ಹಲಗೆ. ಆಗ ಇನ್ನೂ ಏಳು ಕಂತು ಬಾಕಿ ಇತ್ತು. ಪಕ್ಕದ ಕೋಣೆಯಲ್ಲೇ ಅತ್ತೆ ಹೊಸನಗರದಿಂದ ತಂದ ಹಲಸಿನ ಮರದ ಪೆಟ್ಟಿಗೆ ಇದೆ. ಅದರ ವಯಸ್ಸು ಅವರಿಗೂ ಗೊತ್ತಿಲ್ಲ. ಮುಚ್ಚಳ ತೆಗೆದರೆ ಲಾವಂಚದ ಬೇರಿನ ವಾಸನೆ. ಒಳಗಿನ ಸೀರೆಗಳಿಗೆ ಒಂದು ಚುಕ್ಕೆ ಬೂಸ್ಟು ಬಂದಿರಲಿಲ್ಲ.

ಆ ಮಳೆಗಾಲದಲ್ಲಿ ನನಗೆ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು. ನಮ್ಮ ಶಿವಮೊಗ್ಗದ ಕಡೆ ಸಂಬಳವನ್ನು ಸದ್ದಿಲ್ಲದೆ ತಿನ್ನುವುದು ಥಂಡಿ. ಬೂಸ್ಟು ಹಿಡಿದ ಚಪ್ಪಲಿ, ನಾರುವ ಹಾಸಿಗೆ, ತುಕ್ಕು ಹಿಡಿದ ಕೊಡೆ ಅಂತ ವರ್ಷವರ್ಷ ಹೊಸದು ತರುತ್ತೇವೆ. ಇದ್ದದ್ದನ್ನು ಒಣಗಿಸಿ, ತೊಳೆದು, ಹೊಲಿದು ಇಟ್ಟುಕೊಂಡರೆ ಅದೇ ದುಡ್ಡು ಉಳಿಯುತ್ತದೆ, ಮನೆಯೂ ಚೆಂದ ಕಾಣುತ್ತದೆ. ನಮ್ಮ ಮೈಯೂ ಹಾಗೆಯೇ ಜೋಪಾನ ಮಾಡಬೇಕಾದ ಒಂದು ವಸ್ತು. ಇದನ್ನು ಹಂತ ಹಂತವಾಗಿ ಹೇಗೆ ಮಾಡುವುದು ಅಂತ ನೋಡೋಣ.

ಹಂತ 1: ಒಂದು ತಿಂಗಳು ಬರೆದಿಡಿ

ಮಕ್ಕಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಸಾಕು. 30 ದಿನ ಪ್ರತಿ ಖರ್ಚನ್ನೂ ಬರೆಯಿರಿ. ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟ ಹತ್ತು ರೂಪಾಯಿಯನ್ನೂ ಬಿಡಬೇಡಿ. ಮೊದಲ ತಿಂಗಳು ಏನನ್ನೂ ಕಡಿಮೆ ಮಾಡಲು ಹೋಗಬೇಡಿ. ಸುಮ್ನೆ ಬರೆಯಿರಿ.

ತಿಂಗಳ ಕೊನೆಗೆ ಎರಡು ಸಾಲನ್ನು ವಿಶೇಷವಾಗಿ ನೋಡಿ. ಒಂದು ಕರೆಂಟು. 2,000 ವ್ಯಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ 30 ಯೂನಿಟ್ ಆಗುತ್ತದೆ. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಇದರಲ್ಲಿ ಸ್ವಲ್ಪ ಉಳಿಯುತ್ತದೆ. ಹಿತ್ತಲಲ್ಲಿ ತೆಂಗಿನ ಗರಿ, ಅಡಿಕೆ ಸೋಗೆ ಬೀಳುವ ಮನೆಯವರು ಬಚ್ಚಲ ಒಲೆ ಮತ್ತು ಹಂಡೆಯನ್ನು ದಯವಿಟ್ಟು ಕಿತ್ತು ಹಾಕಬೇಡಿ.

ಇನ್ನೊಂದು ಮುಯ್ಯಿ. ಏಪ್ರಿಲ್, ಮೇ ಬಂತೆಂದರೆ ದಿನಕ್ಕೊಂದು ಮದುವೆ, ಗೃಹಪ್ರವೇಶ, ಉಪನಯನ. ಪತ್ರಿಕೆ ಬಂದಾಗ ಕೈ ನಡುಗುವುದು ಬೇಡ. ವರ್ಷಕ್ಕೆ 12 ಕಾರ್ಯಕ್ರಮ, ತಲಾ 500 ರೂಪಾಯಿ ಎಂದರೆ 6,000 ಆಯಿತು. ಜೂನ್‌ನಿಂದಲೇ ತಿಂಗಳಿಗೆ 500 ಒಂದು ಡಬ್ಬಿಯಲ್ಲಿ ಬೇರೆ ಇಡಿ. ತೀರಾ ಹತ್ತಿರದವರ ಮನೆಗಾದರೆ ನಾನು ಕವರಿನ ಬದಲು ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಗಾಜಿನ ಭರಣಿ ಒಯ್ಯುತ್ತೇನೆ. ಅದನ್ನು ಬೇಡ ಎಂದವರನ್ನು ನಾನಿನ್ನೂ ನೋಡಿಲ್ಲ.

ಹಂತ 2: ಮೊದಲು ಮನೆ ಒಣಗಲಿ

ಮೇ ಕೊನೆಯ ವಾರದೊಳಗೆ ಇದಕ್ಕೆ ಒಂದು ಭಾನುವಾರ ಕೊಡಿ.

ಬೀರು, ಮಂಚ, ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಿರಿ. ಗೋಡೆಗೆ ಒತ್ತಿ ಇಟ್ಟರೆ ಹಿಂದೆ ಗಾಳಿ ಆಡುವುದಿಲ್ಲ, ಬೂಸ್ಟು ಮೊದಲು ಹುಟ್ಟುವುದೇ ಅಲ್ಲಿ. ಹಾಸಿಗೆ, ದಿಂಬು, ಕಂಬಳಿಗಳನ್ನು ಎರಡು ದಿನ ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು ಒಳಗೆ ತನ್ನಿ. ಸಂಜೆ ಇಬ್ಬನಿ ಬೀಳುವವರೆಗೂ ಹೊರಗೆ ಬಿಟ್ಟರೆ ಮಾಡಿದ ಕೆಲಸ ದಂಡ.

ಮಳೆ ಹಿಡಿದ ಮೇಲೆ ಬಟ್ಟೆ ಒಣಗಿಸುವುದೇ ದೊಡ್ಡ ತಲೆನೋವು ಅಲ್ವಾ? ಹಿಂಡಿದ ಬಟ್ಟೆಯನ್ನು ಒಂದು ಒಣ ಟವೆಲ್ ಮೇಲೆ ಹರಡಿ. ಚಾಪೆ ಸುತ್ತಿದ ಹಾಗೆ ಎರಡನ್ನೂ ಒಟ್ಟಿಗೆ ಬಿಗಿಯಾಗಿ ಸುತ್ತಿ. ಆ ಸುರುಳಿಯ ಮೇಲೆ ಮೊಣಕಾಲೂರಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒತ್ತುತ್ತಾ ಹೋಗಿ. ಬಿಚ್ಚಿ ನೋಡಿದರೆ ಟವೆಲ್ ಒದ್ದೆಯಾಗಿ ಭಾರವಾಗಿರುತ್ತದೆ, ಬಟ್ಟೆ ಅಷ್ಟು ಹಗುರ. ಆಮೇಲೆ ಹಗ್ಗದ ಮೇಲೆ ಎರಡು ಬಟ್ಟೆಯ ನಡುವೆ ಒಂದು ಗೇಣು ಜಾಗ ಬಿಟ್ಟು ಫ್ಯಾನಿನ ಕೆಳಗೆ ಹಾಕಿ. ಒಣಗಿದೆ ಅನಿಸಿದರೂ ಕಂಕುಳ ಮತ್ತು ನಡುಪಟ್ಟಿ ಮುಟ್ಟಿ ನೋಡಿ. ತಣ್ಣಗಿದ್ದರೆ ಇಸ್ತ್ರಿ ಪೆಟ್ಟಿಗೆ ಒಂದು ಸಲ ಎಳೆದು, ಬಿಸಿ ಆರಿದ ಮೇಲೆಯೇ ಬೀರುವಿಗೆ ಇಡಿ. ಅರೆ ಒಣಗಿದ ಒಂದು ಅಂಗಿ ಇಡೀ ಕಪಾಟು ನಾರುವಂತೆ ಮಾಡುತ್ತದೆ.

ಕೊಡೆಯನ್ನು ಮಡಚಿ ಮೂಲೆಗೆ ಒರಗಿಸಬೇಡಿ, ಬಿಚ್ಚಿ ಒಣಗಿಸಿ. ಚರ್ಮದ ಚಪ್ಪಲಿ, ಶೂಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಜೆ. ಒಳಗೆ ಹಳೇ ಪೇಪರ್ ತುರುಕಿ ಎತ್ತಿಡಿ, ತಿಂಗಳಿಗೊಮ್ಮೆ ಪೇಪರ್ ಬದಲಾಯಿಸಿ.

ಹಂಚಿನ ಮನೆಯಾದರೆ ಸೋರುವ ಹಂಚನ್ನು ಮೊದಲೇ ಕೈಯಾಡಿಸಿ ಸರಿ ಮಾಡಿಸಿ. ಅಂಗಳದ ಪಾಚಿಯನ್ನು ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಿ. ಇದು ಅಂದದ ಮಾತು ಮಾತ್ರ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹಿರಿಯರು ಜಾರಿ ಬೀಳುವುದು ಹೆಚ್ಚಾಗಿ ಈ ಅಂಗಳದಲ್ಲೇ.

ಇಷ್ಟಾದ ಮೇಲೆ ಮನೆ ಅಲಂಕಾರಕ್ಕೆ ಜಾಸ್ತಿ ಏನೂ ಬೇಕಿಲ್ಲ. ಜಗಲಿಯ ಮೇಲೆ ಬೇಡದ ಸಾಮಾನು ಇರದಿದ್ದರೆ, ಒಂದು ಹಿತ್ತಾಳೆ ಚೊಂಬಿನಲ್ಲಿ ನಾಲ್ಕು ದಾಸವಾಳ ಇದ್ದರೆ, ಬಂದವರ ಕಣ್ಣು ಅಲ್ಲೇ ನಿಲ್ಲುತ್ತದೆ. ಚೊಂಬನ್ನು ಹುಣಸೆಹಣ್ಣು ಮತ್ತು ಒಲೆಯ ಬೂದಿಯಲ್ಲಿ ತಿಕ್ಕಿ. ನಮ್ಮ ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರವನ್ನೇ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಅಂಗಡಿಯಿಂದ ತಂದದ್ದು ಏನೂ ಇಲ್ಲ. ಆದರೂ ಅದರ ಮುಂದೆ ನಿಂತರೆ ಕಾಲು ಕೀಳಲು ಮನಸ್ಸಾಗುವುದಿಲ್ಲ.

ಹಂತ 3: ಬಟ್ಟೆ ಕಮ್ಮಿ ಇರಲಿ, ಒಳ್ಳೆಯದಿರಲಿ

ಬೆಲೆಯ ಚೀಟಿಯ ಜೊತೆಗೆ ಎಷ್ಟು ಸಲ ಉಡುತ್ತೀರಿ ಅನ್ನುವುದನ್ನೂ ಲೆಕ್ಕ ಹಾಕಿ. 600 ರೂಪಾಯಿಯ ಸೀರೆ ಹತ್ತು ಸಲಕ್ಕೆ ಬಣ್ಣ ಬಿಟ್ಟರೆ ಒಂದು ಸಲಕ್ಕೆ 60 ಬಿತ್ತು. 1,500ರ ಕೈಮಗ್ಗದ ಸೀರೆ ನೂರು ಸಲ ಬಂದರೆ ಒಂದು ಸಲಕ್ಕೆ 15. ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳಾ ಸಹಕಾರ ಸಂಘವಿದೆ. ಅಲ್ಲಿ ಕೈಮಗ್ಗದ ಬಟ್ಟೆಗೆ ಗಿಡಮರಗಳ ಬಣ್ಣ ಹಾಕುತ್ತಾರೆ. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಿಂದ ಬರುವ ಆ ಕೆಂಗಂದು ಬಣ್ಣ ನನಗೆ ಬಹಳ ಇಷ್ಟ. ಇಂಥ ಬಟ್ಟೆಯನ್ನು ಮೊದಲ ಸಲ ಬೇರೆಯಾಗಿ ತೊಳೆಯಿರಿ, ಸೌಮ್ಯ ಸೋಪು ಹಾಕಿ, ನೆರಳಲ್ಲಿ ಒಣಗಿಸಿ.

ಹತ್ತಿ ಸೀರೆಗೆ ಗಂಜಿ ಹಾಕುವುದನ್ನು ಕಲಿತರೆ ಹಳೇ ಸೀರೆಯೂ ಹೊಸದರಂತೆ ನಿಲ್ಲುತ್ತದೆ. ಅನ್ನದ ಗಂಜಿಗೆ ನೀರು ಬೆರೆಸಿ ತೆಳು ಮಾಡಿ. ತೆಳು ಬಟ್ಟೆಯಲ್ಲಿ ಸೋಸಲೇಬೇಕು, ಇಲ್ಲದಿದ್ದರೆ ಸೀರೆಯ ಮೇಲೆ ಅಗುಳಿನ ಕಲೆ ಕೂರುತ್ತದೆ. ತೊಳೆದ ಸೀರೆಯನ್ನು ಅದರಲ್ಲಿ ಅದ್ದಿ, ಮೆಲ್ಲಗೆ ಹಿಂಡಿ, ನೆರಳಿಗೆ ಹಾಕಿ. ಇನ್ನೂ ಸ್ವಲ್ಪ ಪಸೆ ಇರುವಾಗಲೇ ಇಬ್ಬರು ಎರಡು ತುದಿ ಹಿಡಿದು ಎಳೆದು ಮಡಿಸಿ. ಹಾಸಿಗೆಯ ಕೆಳಗೆ ಒಂದು ರಾತ್ರಿ ಇಟ್ಟರೆ ಇಸ್ತ್ರಿಯ ಖರ್ಚಿಲ್ಲ. ಬೆಳಗ್ಗೆ ತೆಗೆದು ಪೂರ್ತಿ ಆರಿಸಿ ಒಳಗಿಡಿ. ಒಂದು ಎಚ್ಚರಿಕೆ: ಗಂಜಿ ಹಾಕಿದ ಬಟ್ಟೆಗೆ ಬೂಸ್ಟು, ಹುಳು ಎರಡೂ ಬೇಗ ಹತ್ತುತ್ತವೆ. ಮೇ ತಿಂಗಳಲ್ಲೇ ಗಂಜಿ ನಿಲ್ಲಿಸಿ, ಸೀರೆಗಳನ್ನು ಒಮ್ಮೆ ಬರೀ ನೀರಲ್ಲಿ ಚೆನ್ನಾಗಿ ಜಾಲಿಸಿ ಒಣಗಿಸಿ ಎತ್ತಿಡಿ.

ಕಿತ್ತ ಗುಂಡಿ, ಬಿಚ್ಚಿದ ಅಂಚು ಕಂಡ ದಿನವೇ ಹೊಲಿಯಿರಿ. ಹರಿದ ಹತ್ತಿ ಸೀರೆ ಕೌದಿಗೆ ಆಗುತ್ತದೆ.

ಹಂತ 4: ಊಟ ಸರಳವಾಗಿರಲಿ, ಬಡಿಸುವುದು ಚೆಂದವಿರಲಿ

ಕಮ್ಮಿ ಖರ್ಚಿನ ಊಟ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪತ್ರೊಡೆ, ಕಳಲೆ, ಹಲಸಿನ ಹಪ್ಪಳ, ಬಸಳೆ ಇವೆಲ್ಲ ಹಿತ್ತಲಲ್ಲೋ ಸಂತೆಯಲ್ಲೋ ಸಿಗುವಂಥವು. ಬಾಡಿಗೆ ಮನೆಯವರು ಒಂದೇ ಒಂದು ಕುಂಡ ಇಡುವುದಾದರೆ ಒಂದೆಲಗ ಹಾಕಿ. ಮಣ್ಣು ಸದಾ ಒದ್ದೆ ಇದ್ದರೆ ತಾನೇ ಹಬ್ಬುತ್ತದೆ.

ಅದರ ತಂಬುಳಿಗೆ ಹತ್ತು ನಿಮಿಷ ಸಾಕು. ಒಂದು ಹಿಡಿ ಎಲೆ ತೊಳೆದುಕೊಳ್ಳಿ. ಅರ್ಧ ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ ಚಟಪಟ ಎಂದ ಮೇಲೆ ಎಲೆ ಹಾಕಿ ಬಾಡಿಸಿ. ಆರಿದ ಮೇಲೆ ಎರಡು ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ಸಾಸಿವೆ ಒಗ್ಗರಣೆ ಕೊಟ್ಟರೆ ಆಯಿತು. ಮತ್ತೆ ಕುದಿಸಬೇಡಿ, ಮಜ್ಜಿಗೆ ಒಡೆಯುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗೆ ಹುಳಿ ಪದಾರ್ಥ ಹಾಕಲೇಬಾರದು, ಆರೋಗ್ಯಕ್ಕೆ ಕೆಟ್ಟದ್ದು. ಗಾಜು, ಸ್ಟೀಲು ಅಥವಾ ಕಲ್ಲಿನ ಮರಿಗೆ ಒಳ್ಳೆಯದು.

ವಾರಕ್ಕೊಂದು ದಿನವಾದರೂ ಟಿವಿ ಆರಿಸಿ, ಬಾಳೆ ಎಲೆ ಹಾಕಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣಿ.

ಹಂತ 5: ಮೈಗೆ ವಾರಕ್ಕೆ 150 ನಿಮಿಷ

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ಇಷ್ಟು: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ದಿನಕ್ಕೆ 30 ನಿಮಿಷದ ಬಿರುಸು ನಡಿಗೆ ಐದು ದಿನವಾದರೆ 150 ಆಯಿತು. ಬಿರುಸು ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಳೆ ಹೊಯ್ಯುವಾಗ ಜಗಲಿಯಲ್ಲೇ ನಡೆಯಿರಿ. ನಮ್ಮ ಜಗಲಿ ಹದಿನಾರು ಹೆಜ್ಜೆ. ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ಮಾಡಿದರೂ ಲೆಕ್ಕಕ್ಕೆ ಬರುತ್ತದೆ.

"ಮನೆಕೆಲಸವೇ ವ್ಯಾಯಾಮ ಅಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಗುಡಿಸಿ ಒರೆಸುವುದು ಮೈ ಆಡಿಸಿದಂತೆ ಹೌದು. ಆದರೆ ಅದರಲ್ಲಿ ಅದೇ ಸೊಂಟ, ಅದೇ ತೋಳು ದುಡಿಯುತ್ತವೆ. ತೊಡೆ, ಬೆನ್ನು, ಎದೆಯ ಸ್ನಾಯುಗಳಿಗೆ ಬೇರೆಯೇ ಕೆಲಸ ಬೇಕು. ಸೋಮವಾರ, ಬುಧವಾರ, ಶುಕ್ರವಾರ ತಲಾ 20 ನಿಮಿಷ ಸಾಕು.

ಮೊದಲು ಎರಡು ನಿಮಿಷ ನಿಂತಲ್ಲೇ ಹೆಜ್ಜೆ ಹಾಕಿ, ಭುಜ ತಿರುಗಿಸಿ. ಮೈ ಸ್ವಲ್ಪ ಬೆಚ್ಚಗಾಗಲಿ.

ಆಮೇಲೆ ಕುರ್ಚಿ ಬಸ್ಕಿ. ಗರಡಿ ಮನೆಯ ಪೂರ್ತಿ ಬಸ್ಕಿಗೆ ಮಂಡಿ ಬಗ್ಗದವರಿಗೆ ಇದೇ ಸರಿ. ಅಲುಗಾಡದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ತುದಿಯಲ್ಲಿ ಕೂತು ಎರಡೂ ಕೈ ಎದೆಯ ಮೇಲೆ ಕಟ್ಟಿ. ಪಾದಗಳ ನಡುವೆ ಒಂದು ಗೇಣು ಅಂತರವಿರಲಿ. ಕೈ ಊರದೆ ಎದ್ದು ನಿಲ್ಲಿ. ಕೂರುವಾಗ ಧೊಪ್ಪೆಂದು ಬೀಳಬೇಡಿ. ಒಂದು, ಎರಡು, ಮೂರು ಎಣಿಸುತ್ತಾ ಇಳಿಯಿರಿ. ಆ ಇಳಿಯುವಾಗಲೂ ಕಾಲಿಗೆ ಬಲ ಬರುತ್ತದೆ. ಎಂಟು ಸಲ.

ಮೂರನೆಯದು ಗೋಡೆ ದಂಡ. ಗೋಡೆಯಿಂದ ಒಂದು ತೋಳು ದೂರ ನಿಂತು, ಅಂಗೈಗಳನ್ನು ಭುಜದ ಎತ್ತರಕ್ಕೆ ಊರಿ. ಮೈ ಹಲಗೆಯಂತೆ ನೇರ ಇರಲಿ. ಮೊಣಕೈ ಬಗ್ಗಿಸಿ ಎದೆಯನ್ನು ಗೋಡೆಯ ಹತ್ತಿರ ತಂದು ಮತ್ತೆ ತಳ್ಳಿ. ಹತ್ತು ಸಲ. ಸುಲಭ ಅನಿಸಿದ ದಿನ ಅಡುಗೆ ಕಟ್ಟೆಯ ಅಂಚು ಹಿಡಿದು ಮಾಡಿ.

ನಂತರ ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತಿ ಐದು ಎಣಿಸಿ ಇಳಿಸಿ. ಹತ್ತು ಸಲ. ದಿನವಿಡೀ ಕೂತು ಕೆಲಸ ಮಾಡುವವರ ಬೆನ್ನಿಗೆ ಇದು ತುಂಬಾ ಹಿತ. ನೀರು ತುಂಬಿದ ಒಂದು ಲೀಟರ್ ಬಾಟಲಿ ಹೆಚ್ಚುಕಮ್ಮಿ ಒಂದು ಕಿಲೋ ತೂಗುತ್ತದೆ. ಎರಡು ಕೈಗೂ ಒಂದೊಂದು ಹಿಡಿದು ಭುಜದಿಂದ ಮೇಲಕ್ಕೆ ಹತ್ತು ಸಲ ಎತ್ತಿ. ಕೊನೆಗೆ ಗೋಡೆಯ ಪಕ್ಕ ಒಂಟಿ ಕಾಲಲ್ಲಿ 20 ಸೆಕೆಂಡ್ ನಿಂತು, ಕಾಲು ಬದಲಿಸಿ. ಜಾರುವ ಅಂಗಳದ ಊರಿನವರಾದ ನಮಗೆ ಈ ಸಮತೋಲನ ಬಹಳ ಮುಖ್ಯ.

ಎಲ್ಲವನ್ನೂ ಎರಡು ಸುತ್ತು ಮಾಡಿ. ಎರಡು ವಾರಕ್ಕೊಮ್ಮೆ ಎರಡೆರಡು ಎಣಿಕೆ ಹೆಚ್ಚಿಸಿ. ಉಸಿರು ಕಟ್ಟಿ ಹಿಡಿಯಬೇಡಿ. ಎದೆ ನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ಬಿಪಿ, ಹೃದಯದ ತೊಂದರೆ ಇರುವವರು, ಬಸುರಿಯರು ಶುರುಮಾಡುವ ಮೊದಲೇ ಕೇಳಿಕೊಳ್ಳಿ. ನಮ್ಮ ಅತ್ತೆಗೆ 71. ಹಾಲು ಉಕ್ಕುವುದನ್ನು ಕಾಯುತ್ತಾ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುತ್ತಾರೆ, ಬಾಯಲ್ಲಿ ದೇವರನಾಮ. ಎಣಿಕೆಗೆ ಅದೇ ಸಾಕು ಅವರಿಗೆ.

ಹಂತ 6: ತಿಂಗಳಿಗೊಂದು ದಿನ ಹೊರಗೆ

ಇದನ್ನು ಖರ್ಚಿನ ಪಟ್ಟಿಯಿಂದ ಹೊಡೆದು ಹಾಕಬೇಡಿ. ತುಂಗಾ, ಭದ್ರಾ ಸೇರುವ ಕೂಡ್ಲಿ ಶಿವಮೊಗ್ಗಕ್ಕೆ ಹತ್ತಿರವೇ ಇದೆ. ಅರ್ಧ ದಿನದಲ್ಲಿ ಸಲೀಸಾಗಿ ಹೋಗಿಬರಬಹುದು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರು ದುಡ್ಡು ಕೊಡಬೇಕಿಲ್ಲ. ಆದರೆ ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಚಿಲ್ಲರೆ ಇಟ್ಟುಕೊಂಡಿರಿ. ಬುತ್ತಿಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಸಾಕು. ಗಂಜಿ ಹಾಕಿದ ಆ ಸೀರೆಯನ್ನು ಇಂಥ ದಿನವೇ ಉಡಿ, ಮದುವೆಗೆ ಅಂತ ಕಾಯಿಸಬೇಡಿ. ಮಳೆಗಾಲದಲ್ಲಿ ಹೋದರೆ ಮೆಟ್ಟಿಲ ಕೆಳಗೆ ಇಳಿಯಬೇಡಿ, ಅಲ್ಲಿ ನೀರಿನ ಸೆಳೆತ ಜೋರಿರುತ್ತದೆ. ಮೇಲಿನ ಕಟ್ಟೆಯಲ್ಲಿ ಕೂತರೂ ಹೊಳೆ ಚೆನ್ನಾಗಿ ಕಾಣುತ್ತದೆ.