ಗೋಬರ್ ಗ್ಯಾಸಿನ ಹಸಿರು, ರಾಕೆಟ್ ಇಂಧನದ ಕತ್ತಲ ಪಟ್ಟಿ

ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ರಾಕೆಟ್ ಇಂಧನ ಉರಿಯುವಾಗ ಜ್ವಾಲೆಯೊಳಗೆ ಏನಾಗುತ್ತದೆ ಅನ್ನೋದು ನನ್ನ ಹಳೇ ಹುಚ್ಚು. ಆದರೆ ಅಂಥದ್ದನ್ನು ಕಾಲೇಜ್ ಲ್ಯಾಬಿನಲ್ಲಿ ಸುಡುವ ಮಾತೇ ಇಲ್ಲ. ಅದಕ್ಕೆ ಲೈಸೆನ್ಸ್ ಬೇಕು, ಒತ್ತಡ ತಡೆಯುವ ಕಿಟಕಿ ಇರುವ ಉಕ್ಕಿನ ಕೋಣೆ ಬೇಕು. ಹಾಗಾಗಿ ನಾನು ಎಲ್‌ಪಿಜಿ ಬರ್ನರ್ ಹಿಡಿದೆ. ಜ್ವಾಲೆಯನ್ನು ಮುಟ್ಟದೆ ಬರೀ ಅದರ ಬೆಳಕನ್ನು ಓದುವ ಕೆಲಸ ಎರಡು ಕಡೆಯೂ ಇದೆ ಅಲ್ವಾ?

ರಟ್ಟಿನ ಡಬ್ಬಿ, ಎರಡು ಬ್ಲೇಡ್ ಎದುರುಬದುರು ಅಂಟಿಸಿ ಮಾಡಿದ ಸಂದು, ಹಳೇ ಡಿವಿಡಿಯ ತುಂಡು, ಮೊಬೈಲ್ ಕ್ಯಾಮೆರಾ. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪ್ ಅಂದರೆ ಇಷ್ಟೇ. ಸಿಡಿ ಬೇಡ. ಅದರ ಗೆರೆಗಳ ಅಂತರ 1.6 ಮೈಕ್ರಾನ್, ಡಿವಿಡಿಯದ್ದು 0.74. ಗೆರೆ ಒತ್ತೊತ್ತಾಗಿದ್ದಷ್ಟೂ ಬಣ್ಣ ಜಾಸ್ತಿ ಹರಡುತ್ತದೆ. ಅಳತೆ ಗುರುತಿಗೆ ಸಿಎಫ್‌ಎಲ್ ಬಲ್ಬ್ ಸಾಕು. ಅದರೊಳಗಿನ ಪಾದರಸ 436 ಮತ್ತು 546 ನ್ಯಾನೊಮೀಟರ್ ಅಲೆಯುದ್ದದಲ್ಲಿ (ಒಂದೊಂದು ಬಣ್ಣಕ್ಕೆ ಒಂದೊಂದು ಅಲೆಯುದ್ದ) ಗೆರೆ ಕೊಡುತ್ತದೆ.

ಬರ್ನರಿಗೆ ಗಾಳಿ ಪೂರ್ತಿ ಬಿಟ್ಟಾಗ ಒಳಗಿನ ನೀಲಿ ಶಂಕುವಿನ ಅಂಚಿಗೆ ಸಂದನ್ನು ಹಿಡಿಯಬೇಕು. 431ರ ಹತ್ತಿರ ನೇರಳೆ ಪಟ್ಟಿ ಕಾಣುತ್ತದೆ, ಅದು ಒಂದು ಕಾರ್ಬನ್, ಒಂದು ಹೈಡ್ರೋಜನ್ ಕೂಡಿದ ಸಿಎಚ್. ಗಾಳಿ ಒಂಚೂರು ಕಡಿಮೆ ಮಾಡಿದರೆ 516ರಲ್ಲಿ ಹಸಿರು ಪಟ್ಟಿ ಎದ್ದು ಬರುತ್ತದೆ. ಎರಡು ಕಾರ್ಬನ್ ಮಾತ್ರ ಕೂಡಿದ ಸಿ2 ಅದು. ಇವೆರಡನ್ನೂ ಬಾಟಲಿಯಲ್ಲಿ ತುಂಬಿಡೋಕೆ ಆಗಲ್ಲ, ಹುಟ್ಟಿದ ಕ್ಷಣದಲ್ಲೇ ಮುಗಿದುಹೋಗುತ್ತವೆ. ಗಾಳಿ ಪೂರ್ತಿ ಮುಚ್ಚಿದರೆ ಪಟ್ಟಿಗಳೆಲ್ಲ ಮಾಯ. ಕಾದ ಮಸಿಯ ಹಳದಿ ಬೆಳಕು ಎಲ್ಲವನ್ನೂ ನುಂಗಿಬಿಡುತ್ತದೆ. 589ರ ಸೋಡಿಯಂ ಗೆರೆ ಮಾತ್ರ ಕರೆಯದೇ ಬರುವ ನೆಂಟ. ಬೆವರಿನ ಕೈ ಬರ್ನರಿಗೆ ತಾಗಿದ್ದರೂ ಸಾಕು, ಹಾಜರ್.

"ಸರ್, ಎಲ್‌ಪಿಜಿಯಲ್ಲಿರೋ ನಾಲ್ಕು ಕಾರ್ಬನ್ನಿನ ಬ್ಯೂಟೇನ್ ಮುರಿದಾಗ ಉಳಿದ ಚೂರೇ ತಾನೇ ಈ ಸಿ2?" ಅಂತ ಒಬ್ಬ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ಆಲೂರಿನ ಕಡೆ ಅವನ ಮನೆಯಲ್ಲೇ ಗೋಬರ್ ಗ್ಯಾಸ್ ಇತ್ತು. ಅದರಲ್ಲಿ ಉರಿಯುವುದು ಮೀಥೇನ್, ಅಂದರೆ ಅಣುವಿಗೆ ಒಂದೇ ಕಾರ್ಬನ್. ಡಬ್ಬಿ ಹೊತ್ತುಕೊಂಡು ಹೋದೆವು. ಒಲೆಯ ಗಾಳಿ ಕಡಿಮೆ ಮಾಡಿ, ಅಡುಗೆಮನೆ ಕತ್ತಲೆ ಮಾಡಿ, ಕ್ಯಾಮೆರಾವನ್ನು ಹೆಚ್ಚು ಹೊತ್ತು ತೆರೆದಿಟ್ಟಾಗ ಅದೇ ಹಸಿರು ಪಟ್ಟಿ, ಮಸುಕಾಗಿ. ಹಾಗಾದರೆ ಸಿ2 ಉಳಿದ ಚೂರಲ್ಲ, ಜ್ವಾಲೆಯೊಳಗೇ ಕಟ್ಟಿಕೊಂಡದ್ದು. ಉರಿಯುವುದು ಅಂದರೆ ಬರೀ ಒಡೆಯುವುದಲ್ಲ ಅಂತ ಬೋರ್ಡ್ ಮೇಲೆ ಎಷ್ಟು ಬರೆದರೂ ಇಷ್ಟು ನಾಟುತ್ತಿರಲಿಲ್ಲ.

ಇನ್ನು ನನ್ನ ಹಳೇ ಹುಚ್ಚಿನ ಕಡೆ ಬಂದರೆ, ನೈಟ್ರೋಸೆಲ್ಯುಲೋಸ್, ನೈಟ್ರೋಗ್ಲಿಸರಿನ್ ಸೇರಿದ ರಾಕೆಟ್ ಇಂಧನಕ್ಕೆ ಹೊರಗಿನ ಗಾಳಿ ಬೇಡ, ಆಕ್ಸಿಜನ್ ಅದರ ಅಣುವಿನಲ್ಲೇ ಇದೆ. ಅದು ಉರಿಯುವಾಗ ಮೇಲ್ಮೈಗೂ ಬೆಳಗುವ ಜ್ವಾಲೆಗೂ ನಡುವೆ ಒಂದು ಕತ್ತಲ ಪಟ್ಟಿ ಇರುತ್ತದೆ. ಅಲ್ಲಿ ಸುಮ್ನೆ ಏನೂ ಇಲ್ಲ ಅಂದುಕೊಳ್ಳಬೇಡಿ. ಮೊದಲು ಕಳಚಿದ ನೈಟ್ರೋಜನ್ ಡೈಆಕ್ಸೈಡ್ ಅಷ್ಟರಲ್ಲಿ ನೈಟ್ರಿಕ್ ಆಕ್ಸೈಡ್ ಆಗಿರುತ್ತದೆ. ಆ ನೈಟ್ರಿಕ್ ಆಕ್ಸೈಡ್ ನೈಟ್ರೋಜನ್ ಆಗಲು ತಡ ಮಾಡುತ್ತದೆ, ಅದಕ್ಕೇ ಅಲ್ಲಿ ಕತ್ತಲು. ಒತ್ತಡ ಏರಿದಂತೆ ಈ ತಡ ಕಡಿಮೆಯಾಗಿ ಪಟ್ಟಿ ಕಿರಿದಾಗುತ್ತದೆ. ಅಲ್ಲಿನ ನೈಟ್ರಿಕ್ ಆಕ್ಸೈಡನ್ನು ನೋಡಲು 226 ನ್ಯಾನೊಮೀಟರಿನ ಆಸುಪಾಸಿನ ಲೇಸರ್ ಬೇಕು. ನಮ್ಮ ರಟ್ಟಿನ ಡಬ್ಬಿಗೆ ಅದು ಎಟುಕಲ್ಲ.