ಹಳೇ ಜಪಾನ್ ಮ್ಯಾಂಡೊಲಿನ್ ಕೊಳ್ಳೋ ಮುಂಚೆ ಒಳಗೆ ಟಾರ್ಚ್ ಬಿಡಿ

ಜಪಾನ್‌ನಲ್ಲಿ ಮಾಡಿದ ಹಳೇ ಮ್ಯಾಂಡೊಲಿನ್ ಸಿಕ್ಕಿದೆ, ತಗೊಳ್ಳಬಹುದಾ ಅಂತ ಆಗಾಗ ಕೇಳುತ್ತೀರಿ. ಹೆಸರು ಆಮೇಲೆ, ಮೊದಲು ಮರ ನೋಡಿ.

ಮೊಬೈಲ್ ಟಾರ್ಚ್ ಹಾಕಿ ಸೌಂಡ್‌ಹೋಲ್‌ನ, ಅಂದರೆ ನಾದ ಹೊರಬರೋ ತೂತಿನ ಅಂಚನ್ನು ಹತ್ತಿರದಿಂದ ನೋಡಿ. ಮೇಲಿನ ಮರದ ಗೆರೆ ಅಂಚಿನಲ್ಲೂ ಹಾಗೇ ಕೆಳಗಿಳಿದಿದ್ದರೆ ಅದು ಇಡೀ ಮರ. ಪದರ ಪದರವಾಗಿ ಕಂಡರೆ ಪ್ಲೈವುಡ್. 1970ರ ದಶಕದಲ್ಲಿ ಅಲ್ಲಿಂದ ಎರಡೂ ಬಗೆ ಬಂದಿವೆ. ಅಮೆರಿಕದ ಗಿಬ್ಸನ್ ಕಂಪನಿಯ ಎಫ್-5 ಮ್ಯಾಂಡೊಲಿನ್ ಮಾದರಿಯಲ್ಲಿ ಮಾಡಿದವುಗಳಲ್ಲಿ, ಇಡೀ ಮರ ಕೆತ್ತಿದ ಟಾಪ್ (ಮೇಲ್ಹಲಗೆ) ಇದ್ದರೆ ಬೆಲೆ ಜಾಸ್ತಿ. ಕೆಂಟಕಿ ಬ್ರ್ಯಾಂಡ್‌ನವು ಮೊದಲು ಜಪಾನ್‌ನಲ್ಲಿ, ಆಮೇಲೆ ಕೊರಿಯಾ, ಚೀನಾದಲ್ಲಿ ತಯಾರಾದವು. ಲೇಬಲ್ ಓದದೆ ದುಡ್ಡು ಕೊಡಬೇಡಿ.

ನಾಗೋಯಾದ ಸುಜುಕಿ ಕಂಪನಿಯ, ಬೋಗುಣಿಯಂಥ ಬೆನ್ನಿನ ಮ್ಯಾಂಡೊಲಿನ್‌ಗಳೂ ಸಿಗುತ್ತವೆ. ಜಪಾನ್‌ನ ಕಾಲೇಜುಗಳಲ್ಲಿ ಮ್ಯಾಂಡೊಲಿನ್ ಕ್ಲಬ್‌ಗಳು ಬಹಳ. ಹಾಗಾಗಿ 'ಅಪರೂಪದ್ದು ಸಾರ್' ಅಂದರೆ ಸುಮ್ನೆ ನಕ್ಕುಬಿಡಿ. ಇವಕ್ಕೆ ತೆಳು ತಂತಿಯೇ ಹಾಕಬೇಕು. ದಪ್ಪ ತಂತಿ ಎಳೆದರೆ ಕುತ್ತಿಗೆ ಬಾಗುತ್ತೆ.

ನಾನೊಮ್ಮೆ ಪಾಲಿಶ್‌ನ ಹೊಳಪಿಗೆ ಮರುಳಾಗಿ ಒಂದನ್ನು ತಂದಿದ್ದೆ. ಬ್ರಿಡ್ಜ್ (ತಂತಿಗಳನ್ನು ಎತ್ತಿ ಹಿಡಿಯೋ ಮರದ ಪಟ್ಟಿ) ಕೆಳಗೆ ಟಾಪ್ ಕುಸಿದಿತ್ತು. ಕುತ್ತಿಗೆಯೂ ಬಾಗಿತ್ತು, 12ನೇ ಫ್ರೆಟ್ (ಕುತ್ತಿಗೆ ಮೇಲಿನ ಲೋಹದ ಗೆರೆ) ಹತ್ತಿರ ತಂತಿ ಒತ್ತೋಕೇ ಆಗ್ತಿರಲಿಲ್ಲ. ರಿಪೇರಿಗೆ ಕೇಳಿದ ದುಡ್ಡು ವಾದ್ಯದ ಬೆಲೆಗಿಂತ ಜಾಸ್ತಿ! ಈಗ ಕುತ್ತಿಗೆಯ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡದೆ ಬೆಲೆ ಮಾತಾಡೋದೇ ಇಲ್ಲ.

ಖಾಲಿ ತಂತಿ ಸರಿಯಿದ್ದು, ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಮಾತ್ರ ತಪ್ಪುತ್ತಿದ್ದರೆ ಹೆದರಬೇಡಿ. ಬ್ರಿಡ್ಜ್ ಅಂಟಿಸಿರೋದಿಲ್ಲ, ತುಸು ಸರಿಸಿದರೆ ಎಷ್ಟೋ ಸಲ ಸರಿಹೋಗುತ್ತೆ.