ಇಂಟರ್‌ವ್ಯೂನಲ್ಲಿ ಬಾಯಿಬಿಟ್ಟು ಯೋಚಿಸಿದ್ದು

ಸಾಫ್ಟ್‌ವೇರ್ ಕೆಲಸ ಬದಲಿಸಲು ಹೊರಟಾಗ ಮೊದಲ ಎರಡು ಕಡೆ ರಿಜೆಕ್ಟ್ ಆದೆ. ಎರಡೂ ಕಡೆ ಕೋಡ್ ಸರಿಯಾಗೇ ಇತ್ತು. ಒಬ್ಬ ರಿಕ್ರೂಟರ್ ಮಾತ್ರ ಫೋನ್ ಮಾಡಿ ಕಾರಣ ಹೇಳಿದರು: "ನೀವು ಇಪ್ಪತ್ತು ನಿಮಿಷ ಮಾತೇ ಆಡಲಿಲ್ಲವಂತೆ."

ಆಮೇಲೆ ಒಂದು ತಿಂಗಳು, ರಾತ್ರಿ ಊಟವಾದ ಮೇಲೆ, ಬಿ.ಕಾಂ. ಓದುವ ತಮ್ಮನನ್ನು ಎದುರು ಕೂರಿಸಿಕೊಂಡು ಒಂದೊಂದು ಕೋಡಿಂಗ್ ಲೆಕ್ಕವನ್ನೂ ವಿವರಿಸಿದೆ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. "ಅಣ್ಣಾ, ಅರ್ಧ ಪಟ್ಟಿ ನೋಡೋದೇ ಬೇಡ ಅಂತ ಹೆಂಗೆ ಗೊತ್ತಾಯ್ತು?" ಅಂತ ಕೇಳುತ್ತಿದ್ದ. ಇಂಟರ್‌ವ್ಯೂನಲ್ಲಿ ಕೇಳುವುದೂ ಇದನ್ನೇ.

ಮೂರನೇ ಕಂಪನಿಯಲ್ಲಿ ಬಂದದ್ದು ಬೈನರಿ ಸರ್ಚ್: ಕ್ರಮವಾಗಿ ಜೋಡಿಸಿದ ಪಟ್ಟಿಯ ಮಧ್ಯ ನೋಡಿ, ಬೇಡದ ಅರ್ಧ ಬಿಟ್ಟು ಹುಡುಕುತ್ತಾ ಹೋಗುವುದು. ಖಾಲಿ ಎಡಿಟರ್, ರನ್ ಮಾಡುವ ಬಟನ್ ಇಲ್ಲ. ಬರೆಯುವ ಮೊದಲು ಕೇಳಿದೆ: ಪಟ್ಟಿ ಖಾಲಿ ಇರಬಹುದಾ? ಒಂದೇ ಸಂಖ್ಯೆ ಎರಡು ಸಲ ಬರಬಹುದಾ? ಮಧ್ಯದ ಜಾಗ ಹುಡುಕಲು ಹುಡುಕುವ ಭಾಗದ ಮೊದಲ ಜಾಗ 'ಲೋ' ಮತ್ತು ಕೊನೆಯ ಜಾಗ 'ಹೈ' ಕೂಡಿಸಿ ಎರಡರಿಂದ ಭಾಗಿಸಿದೆ. ಇಂಟರ್‌ವ್ಯೂ ಮಾಡುತ್ತಿದ್ದಾಕೆ ಕೇಳಿದರು: "ಪಟ್ಟಿಯಲ್ಲಿ 150 ಕೋಟಿ ಸಂಖ್ಯೆಗಳಿದ್ದರೆ?"

ಎದೆ ಧಸಕ್ಕೆಂದಿತು. ಆದರೂ ಬಾಯಿ ಮುಚ್ಚಲಿಲ್ಲ. ಜಾವಾ ಭಾಷೆಯಲ್ಲಿ ಪೂರ್ಣ ಸಂಖ್ಯೆ ಇಡುವ 'ಇಂಟ್' ಹಿಡಿಯುವುದು ಸುಮಾರು 214 ಕೋಟಿವರೆಗೆ. ಲೋ 100 ಕೋಟಿ, ಹೈ 150 ಕೋಟಿ ಆದರೆ ಮೊತ್ತ 250 ಕೋಟಿ, ಅದು ಮೈನಸ್‌ಗೆ ತಿರುಗುತ್ತದೆ ಅಂತ ಹೇಳುತ್ತಾ ಹೇಳುತ್ತಾ ತಪ್ಪು ಕಂಡಿತು. ಹೈನಿಂದ ಲೋ ಕಳೆದು, ಅದರ ಅರ್ಧವನ್ನು ಲೋಗೆ ಕೂಡಿಸಿ ಸರಿಪಡಿಸಿದೆ. ಜಾವಾದ ಸ್ವಂತ ಲೈಬ್ರರಿಯಲ್ಲೇ ಈ ತಪ್ಪು ವರ್ಷಗಟ್ಟಲೆ ಉಳಿದಿತ್ತು, 2006ರಲ್ಲಿ ಆ ಕೋಡ್ ಬರೆದ ಜೋಶುವಾ ಬ್ಲಾಕ್ ಅವರೇ ಅದರ ಬಗ್ಗೆ ಬರೆದಿದ್ದರು ಅಂತ ಆಮೇಲೆ ಓದಿ ತಿಳಿದೆ.

ಸಿಸ್ಟಮ್ ಡಿಸೈನ್ ಸುತ್ತಿನಲ್ಲಿ ಉದ್ದದ ವೆಬ್ ವಿಳಾಸವನ್ನು ಚಿಕ್ಕದು ಮಾಡುವ ಸೇವೆ ಕಟ್ಟಲು ಹೇಳಿದರು. ಡೇಟಾಬೇಸ್ ಹೆಸರು ಹೇಳುವ ಮೊದಲು, ದಿನಕ್ಕೆ ಎಷ್ಟು ಜನ ಬಳಸುತ್ತಾರೆ ಅಂತ ಕೇಳಿಕೊಂಡೆ. ಎಚ್‌ಆರ್ ಜೊತೆ ಸಂಬಳದ ಮಾತು, 90 ದಿನದ ನೋಟಿಸ್ ಪೀರಿಯಡ್ ಮಾತು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಆಫರ್ ಬಂತು.

ಈಗ ನಾನೇ ಇಂಟರ್‌ವ್ಯೂ ಮಾಡುತ್ತೇನೆ. ಕನ್ನಡದ ಹುಡುಗರು ಯಾರಾದರೂ ಇಂಗ್ಲಿಷಿಗೆ ತಡವರಿಸಿದರೆ "ಕನ್ನಡದಲ್ಲೇ ಹೇಳಿ, ಪರವಾಗಿಲ್ಲ" ಅನ್ನುತ್ತೇನೆ. ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಶುರು ಮಾಡುತ್ತಾರೆ.